ಮನೆಯ ಬೆಕ್ಕಿಗೂ ಒಂದು ಮೂಲೆ ಬೇಕು

ಬೆಕ್ಕನ್ನು ಸಾಕುವುದು ನಮ್ಮ ಕಾಸರಗೋಡು ಕಡೆಯ ಮನೆಗಳಿಗೆ ಹೊಸ ಸಂಗತಿಯೇನಲ್ಲ. ಪತ್ತಾಯದಲ್ಲಿ ಬತ್ತ, ಅಟ್ಟದಲ್ಲಿ ತೆಂಗಿನಕಾಯಿ ಇರುವಲ್ಲಿ ಇಲಿ ಇದ್ದೇ ಇರುತ್ತದೆ. ಇಲಿ ಇರುವಲ್ಲಿ ಬೆಕ್ಕು ಬೇಕೇ ಬೇಕು. ಆದರೆ ಆ ಬೆಕ್ಕು ಮಲಮೂತ್ರ ವಿಸರ್ಜನೆಗೆ ಎಲ್ಲಿಗೆ ಹೋಗುತ್ತದೆ ಎಂಬ ಪ್ರಶ್ನೆ ನಮ್ಮ ಹಿರಿಯರ ಮನಸ್ಸಿನಲ್ಲಿ ಮೂಡಿದ್ದೇ ಇಲ್ಲ. ಹಿತ್ತಿಲಿತ್ತು, ತೋಟವಿತ್ತು, ಸಡಿಲವಾದ ಮಣ್ಣಿತ್ತು. ಬೆಕ್ಕು ತಾನೇ ಗುಂಡಿ ತೋಡಿ, ತಾನೇ ಮುಚ್ಚಿ, ಮೈ ನೆಕ್ಕಿಕೊಂಡು ಜಗಲಿಗೆ ಬಂದು ಮಲಗುತ್ತಿತ್ತು.

ಇಂದು ಕಾಲ ಹಾಗಿಲ್ಲ. ನಮ್ಮ ಮಕ್ಕಳು ಮಂಗಳೂರು, ಬೆಂಗಳೂರು, ಮುಂಬಯಿಗಳಲ್ಲಿ ಮೂರನೆಯ, ನಾಲ್ಕನೆಯ ಮಹಡಿಗಳಲ್ಲಿ ಸಂಸಾರ ಹೂಡಿದ್ದಾರೆ. ಅಲ್ಲಿ ಬೆಕ್ಕಿಗೆ ಅಂಗಳವಿಲ್ಲ. ಹಳ್ಳಿಯಲ್ಲಿಯೂ ಮನೆಯ ಮುಂದಿನ ರಸ್ತೆ ಅಗಲವಾಗಿ, ವಾಹನಗಳು ಹೆಚ್ಚಿ, ಬೀದಿನಾಯಿಗಳ ಕಾಟ ಮಿತಿಮೀರಿ, ಬೆಕ್ಕನ್ನು ಒಳಗೇ ಇರಿಸಿಕೊಳ್ಳಬೇಕೆಂದು ಬಯಸುವವರು ಕಾಣಸಿಗುತ್ತಿದ್ದಾರೆ. ಹೀಗಿರುವಾಗ, ಪೇಟೆಯವರು 'ಲಿಟರ್ ಬಾಕ್ಸ್' ಎಂದು ಕರೆಯುವ ಬೆಕ್ಕಿನ ತೊಟ್ಟಿಯ ವಿಚಾರವನ್ನು ಒಂದು ಕುಟುಂಬ ಪತ್ರಿಕೆಯಲ್ಲಿ ಚರ್ಚಿಸುವುದು ಅಪ್ರಸ್ತುತವಾಗಲಾರದೆಂದು ಭಾವಿಸಿದ್ದೇವೆ. ವಿಷಯ ಹೇಸಿಗೆಯದೆಂದು ಓದುಗರು ಪುಟ ಮಗುಚದಿರಲಿ. ಈ ಒಂದು ತೊಟ್ಟಿಯನ್ನು ಸರಿಯಾಗಿ ಇಡಲು ಅರಿಯದೆ, ನಿರಪರಾಧಿಯಾದ ಪ್ರಾಣಿಯೊಂದನ್ನು ಬೀದಿಪಾಲು ಮಾಡುವ ಅಂಚಿಗೆ ನಾವೇ ಬಂದಿದ್ದೆವು.

ಮಗಳೊಡನೆ ಬಂದ ಅತಿಥಿ

ನಮ್ಮ ಮಗಳು ಚೊಚ್ಚಲ ಹೆರಿಗೆಗೆಂದು ಏಳನೆಯ ತಿಂಗಳಿನಲ್ಲಿ ಬೆಂಗಳೂರಿನಿಂದ ತವರಿಗೆ ಬಂದಳು. ಅವಳ ಜತೆಗೆ ಬುಟ್ಟಿಯೊಂದರಲ್ಲಿ ಮುತ್ತು ಎಂಬ ಗಂಡು ಬೆಕ್ಕೂ ಬಂದಿತು. ಹುಟ್ಟಿದಂದಿನಿಂದ ನೆಲದ ಮಣ್ಣನ್ನೇ ಮೆಟ್ಟಿ ಅರಿಯದ ಬೆಕ್ಕು ಅದು. ಕಾರಿನಲ್ಲಿ ಸ್ಥಳವಿಲ್ಲವೆಂದು ಅದರ ತೊಟ್ಟಿಯನ್ನು ಅಲ್ಲಿಯೇ ಬಿಟ್ಟು ಬಂದಿದ್ದರು. "ಅಪ್ಪ, ಅದಕ್ಕೊಂದು ವ್ಯವಸ್ಥೆ ಆಗಬೇಕಲ್ಲ" ಎಂದಳು ಮಗಳು. "ಅದೇನು ದೊಡ್ಡ ಕೆಲಸ ಮಗಳೇ, ನಾವು ಮಾಡುತ್ತೇವೆ" ಎಂದೆವು. ಮೂವತ್ತು ವರ್ಷ ಶಾಲೆ ನಡೆಸಿದವರಿಗೆ ಒಂದು ಬೆಕ್ಕು ಯಾವ ಲೆಕ್ಕ ಎಂಬ ಜಂಬ ನಮ್ಮಲ್ಲಿ ಇದ್ದುದನ್ನು ಮರೆಮಾಚಲಾರೆವು.

ಮುರುಕಲು ಬಾಲ್ದಿಯೊಂದರ ತಳವನ್ನು ಕತ್ತರಿಸಿ ತೆಗೆದು, ಬಚ್ಚಲ ಒಲೆಯ ಬೂದಿ ತುಂಬಿ, ಬಟ್ಟೆ ಒಗೆಯುವ ಯಂತ್ರದ ಪಕ್ಕದ ಸಂದಿಯಲ್ಲಿ ಇಟ್ಟೆವು. ವಾಸನೆ ಬಾರದಿರಲೆಂದು ಸುತ್ತಲೂ ಫಿನಾಯಿಲ್ ಹಾಕಿ ಒರೆಸಿದೆವು. ಎರಡು ದಿನ ಬೆಕ್ಕು ಅದನ್ನು ಬಳಸಿತು. ಮೂರನೆಯ ದಿನ ಬಳಸಲಿಲ್ಲ. ನಾಲ್ಕನೆಯ ದಿನ ಬೆಳಗ್ಗೆ ನಮ್ಮ ತಾಯಿಯವರ ಕೂಗು ಕೇಳಿ ಒಳಗೆ ಓಡಿದೆವು. ಹುಟ್ಟಲಿರುವ ಮಗುವಿಗೆಂದು ಅವರು ಹಳೆಯ ನೂಲಿನ ಸೀರೆಗಳನ್ನು ಒಗೆದು, ಬಿಸಿಲಿಗೆ ಒಣಗಿಸಿ, ಮಡಚಿ ಜೋಡಿಸಿ ಇಟ್ಟಿದ್ದರು. ಬೆಕ್ಕು ಆ ಸೀರೆಗಳ ಮೇಲೆ ಮೂತ್ರ ಮಾಡಿತ್ತು.

ಎಂಬತ್ತೆರಡು ವರ್ಷದ ಆ ಜೀವದ ಕಣ್ಣಿನಲ್ಲಿ ನೀರು ಬಂದಿತ್ತು. "ಬಾಣಂತಿ ಇರುವ ಮನೆಗೆ ಇದು ಆಗುವುದಿಲ್ಲ. ಎಲ್ಲಿಯಾದರೂ ಬಿಟ್ಟು ಬಾ" ಎಂದರು. ನೋಡಲು ಬಂದಿದ್ದ ನೆಂಟರೊಬ್ಬರು, ಬೆಕ್ಕಿನಿಂದ ಗರ್ಭಿಣಿಯರಿಗೆ ರೋಗ ತಗಲುತ್ತದೆಯಂತೆ ಎಂದು ಇನ್ನೊಂದು ಮಾತು ಸೇರಿಸಿದರು. ಮಗಳು ಏನನ್ನೂ ಹೇಳದೆ ಬೆಕ್ಕನ್ನು ಎತ್ತಿಕೊಂಡು ಕೋಣೆಯ ಬಾಗಿಲು ಹಾಕಿಕೊಂಡಳು. ನಾವು ಹಟ್ಟಿಯ ಮಾಡಿನಿಂದ ಒಂದು ಗೋಣಿಚೀಲವನ್ನು ಕೆಳಗಿಳಿಸಿದೆವು.

ಬೇಡವಾದ ಬೆಕ್ಕನ್ನು ಗೋಣಿಯಲ್ಲಿ ಕಟ್ಟಿ, ಹೊಳೆಯಾಚೆಗೋ ಮೀನು ಮಾರುಕಟ್ಟೆಯ ಬಳಿಗೋ ಬಿಟ್ಟು ಬರುವ ರೂಢಿ ನಮ್ಮ ಊರುಗಳಲ್ಲಿ ಎಲ್ಲರಿಗೂ ತಿಳಿದದ್ದೇ. ನಾವೂ ಇಪ್ಪತ್ತೆರಡರ ವಯಸ್ಸಿನಲ್ಲಿ ಒಂದು ಬೆಕ್ಕನ್ನು ಹಾಗೆ ಬಿಟ್ಟು ಬಂದಿದ್ದೆವು. ಅದರ ಅಪರಾಧವೂ ಇದೇ ಆಗಿತ್ತು. ಗೋಣಿಯನ್ನು ಕೊಡಹುವಾಗ ಆ ನೆನಪು ಬಂದು ಕೈ ತಡೆಯಿತು. ಬಿಡುವುದಾದರೆ ನಾಳೆ ಬಿಡೋಣ, ಇಂದು ಒಮ್ಮೆ ಡಾಕ್ಟರರಿಗೆ ತೋರಿಸೋಣವೆಂದು ಸರಕಾರಿ ಮೃಗಾಸ್ಪತ್ರೆಗೆ ಹೋದೆವು.

ಡಾಕ್ಟರರು ಕೇಳಿದ ಪ್ರಶ್ನೆ

ಡಾಕ್ಟರರು ಬೆಕ್ಕಿನ ಹೊಟ್ಟೆಯನ್ನು ಒತ್ತಿ ನೋಡಿದರು. ಮೂತ್ರ ಪರೀಕ್ಷೆ ಮಾಡಿಸಿದರು. ರೋಗವೇನೂ ಇಲ್ಲವೆಂದರು. ಬಳಿಕ, "ಮಾಷ್ಟ್ರೇ, ತೊಟ್ಟಿಯನ್ನು ಎಲ್ಲಿ ಇಟ್ಟಿದ್ದೀರಿ? ಅದರಲ್ಲಿ ಏನು ತುಂಬಿದ್ದೀರಿ?" ಎಂದು ಕೇಳಿದರು. ನಾವು ವಿವರಿಸಿದೆವು. ಅವರು ನಕ್ಕು, "ನಿಮ್ಮ ಶಾಲೆಯ ಶೌಚಾಲಯ ಇಕ್ಕಟ್ಟಾಗಿ, ಘಾಟು ಹೊಡೆಯುತ್ತಾ, ಪಕ್ಕದಲ್ಲಿ ಯಂತ್ರವೊಂದು ಗುಡುಗುತ್ತಾ ಇದ್ದರೆ ಮಕ್ಕಳು ಅಲ್ಲಿಗೆ ಹೋಗುತ್ತಾರೆಯೇ?" ಎಂದರು.

ನಾವು ಶಿಕ್ಷಕ ತರಬೇತಿಯಲ್ಲಿದ್ದಾಗ, ಮಗು ತಪ್ಪಿದರೆ ಮೊದಲು ಮಗುವನ್ನಲ್ಲ, ಅದು ಕುಳಿತ ಸ್ಥಳವನ್ನು ನೋಡಬೇಕೆಂದು ಗುರುಗಳು ಹೇಳುತ್ತಿದ್ದರು. ಕರಿಹಲಗೆ ಕಾಣದ ಮೂಲೆಯಲ್ಲಿ ಕುಳ್ಳಿರಿಸಿ, ಓದಲಿಲ್ಲವೆಂದು ಹೊಡೆಯುವುದು ನ್ಯಾಯವಲ್ಲ. ಈ ಪಾಠವನ್ನು ಎಷ್ಟೋ ಕಿರಿಯ ಶಿಕ್ಷಕರಿಗೆ ನಾವು ಉಪದೇಶಿಸಿದ್ದೇವೆ. ನಮ್ಮ ಮನೆಯ ಬೆಕ್ಕಿನ ವಿಷಯದಲ್ಲಿ ಅದು ನೆನಪಿಗೆ ಬರಲಿಲ್ಲ.

ಬೆಕ್ಕು ಹಗೆ ಸಾಧಿಸಲು ಬಟ್ಟೆಯ ಮೇಲೆ ಮೂತ್ರ ಮಾಡುವುದಿಲ್ಲ. ತೊಟ್ಟಿ ಅದಕ್ಕೆ ಒಗ್ಗದಿದ್ದಾಗ, ಕಾಲಿಗೆ ಮೆತ್ತಗಾದ, ಒದ್ದೆಯನ್ನು ಹೀರುವ, ಗದ್ದಲವಿಲ್ಲದ ಜಾಗವನ್ನು ಹುಡುಕುತ್ತದೆ. ನೂಲಿನ ಸೀರೆಯ ರಾಶಿಯಲ್ಲಿ ಈ ಮೂರು ಗುಣಗಳೂ ಇದ್ದುವು. ತೆನಾಲಿ ರಾಮಕೃಷ್ಣನ ಬೆಕ್ಕಿನ ಕಥೆಯನ್ನು ನಾವೆಲ್ಲ ಮಕ್ಕಳಿಗೆ ಹೇಳಿ ನಗಿಸುತ್ತೇವೆ. ಒಮ್ಮೆ ಕುದಿಯುವ ಹಾಲಿಗೆ ಬಾಯಿ ಸುಟ್ಟುಕೊಂಡ ಬೆಕ್ಕು ಮುಂದೆ ಹಾಲನ್ನು ಕಂಡರೇ ಓಡುತ್ತಿತ್ತಂತೆ. ತೊಟ್ಟಿಯ ವಿಷಯವೂ ಹಾಗೆಯೇ. ಅದರೊಳಗಿರುವಾಗ ಒಮ್ಮೆ ಬೆದರಿದ ಅಥವಾ ನೋವುಂಡ ಬೆಕ್ಕು ಮತ್ತೆ ಅದರ ಹತ್ತಿರ ಹೋಗಲು ಅಂಜುತ್ತದೆ.

ಮರಳಿನ ನಂಟು

ನಮ್ಮ ಮನೆಬೆಕ್ಕುಗಳ ಮೂಲ, ಆಫ್ರಿಕ ಹಾಗೂ ಪಶ್ಚಿಮ ಏಷ್ಯದ ಒಣಭೂಮಿಗಳ ಕಾಡುಬೆಕ್ಕು. ಆದುದರಿಂದಲೇ ಅದು ಕಡಿಮೆ ನೀರು ಕುಡಿದು ಬದುಕಬಲ್ಲದು. ಅದರ ಮೂತ್ರ ಬಹಳ ಗಾಢವಾದುದು. ನಾತವೂ ಅಷ್ಟೇ ತೀಕ್ಷ್ಣವಾದುದು. ಸಡಿಲವಾದ ಮರಳನ್ನು ಕಂಡರೆ ಕೆದಕಿ ಮುಚ್ಚುವ ಬುದ್ಧಿ ಅದಕ್ಕೆ ಹುಟ್ಟಿನಿಂದಲೇ ಬಂದದ್ದು. ಮರಿಗೆ ಇದನ್ನು ಯಾರೂ ಹೊಡೆದು ಕಲಿಸಬೇಕಾಗಿಲ್ಲ. ಒಳ್ಳೆಯ ತೊಟ್ಟಿಯೊಂದನ್ನು ತೋರಿಸಿದರೆ ಸಾಕು.

ಅಮೆರಿಕದಲ್ಲಿಯೂ ಮೊದಲು ತೊಟ್ಟಿಗೆ ಮರಳು, ಬೂದಿ, ಮರದ ಹುಡಿಗಳನ್ನೇ ತುಂಬುತ್ತಿದ್ದರು. 1947ರಲ್ಲಿ ಮಿಶಿಗನ್ ಸಂಸ್ಥಾನದ ಕಸೋಪೊಲಿಸ್ ಎಂಬ ಸಣ್ಣ ಊರಿನಲ್ಲಿ ಎಡ್ವರ್ಡ್ ಲೋವ್ ಎಂಬವರು, ಬೂದಿಯಿಂದ ಮನೆಯೆಲ್ಲ ಬೆಕ್ಕಿನ ಹೆಜ್ಜೆ ಗುರುತಾಗುತ್ತಿದೆಯೆಂದು ಮರಳು ಕೇಳಲು ಬಂದ ನೆರೆಯಾಕೆಗೆ, ಎಣ್ಣೆ ಚೆಲ್ಲಿದಾಗ ಹೀರಿಸಲು ಬಳಸುತ್ತಿದ್ದ ಒಣ ಜೇಡಿಯ ಹರಳುಗಳನ್ನು ಕೊಟ್ಟರು. ನಮ್ಮ ಹೆಣ್ಣುಮಕ್ಕಳು ಮುಖಕ್ಕೆ ಲೇಪಿಸುವ ಮುಲ್ತಾನಿ ಮಣ್ಣಿನ ಜಾತಿಯ ಮಣ್ಣೇ ಅದು. ಮುಂದೆ ಅದೇ ಒಂದು ದೊಡ್ಡ ಉದ್ಯಮವಾಯಿತು. 1980ರ ದಶಕದಲ್ಲಿ ಅಲ್ಲಿಯೇ, ಒದ್ದೆಯಾದೊಡನೆ ಉಬ್ಬಿ ಗಟ್ಟಿಯುಂಡೆಯಾಗುವ ಬೆಂಟೋನೈಟ್ ಜೇಡಿ ಈ ಕೆಲಸಕ್ಕೆ ಬಂದಿತು. ಒದ್ದೆಯಾದ ಉಂಡೆಯನ್ನು ಮಾತ್ರ ಎತ್ತಿ ತೆಗೆದರೆ ಉಳಿದದ್ದು ಒಣಗಿಯೇ ಇರುತ್ತದೆ. ನಮ್ಮ ದೇಶದಲ್ಲಿಯೂ ಗುಜರಾತಿನ ಕಚ್ಛ್ ಪ್ರದೇಶದಲ್ಲಿ ಈ ಜೇಡಿಯ ನಿಕ್ಷೇಪಗಳಿವೆ.

ತೊಟ್ಟಿ ಎಂಥದಿರಬೇಕು, ಎಲ್ಲಿರಬೇಕು

ಮೊದಲನೆಯದು ಅಳತೆ. ಮೂಗಿನಿಂದ ಬಾಲದ ಬುಡದವರೆಗೆ ಬೆಕ್ಕಿನ ಉದ್ದವೆಷ್ಟೋ ಅದರ ಒಂದೂವರೆ ಪಾಲು ತೊಟ್ಟಿಯ ಉದ್ದವಿರಬೇಕು. ಒಂದೂವರೆ ಅಡಿಯ ಬೆಕ್ಕಿಗೆ ಎರಡು ಕಾಲು ಅಡಿಯ ತೊಟ್ಟಿ ಬೇಕಾಯಿತು. ಅದರೊಳಗೆ ಬೆಕ್ಕು ಸುತ್ತ ತಿರುಗಿ, ಕೆದಕಿ, ಕೂರುವಂತಿರಬೇಕು. ಅಂಗಡಿಯಲ್ಲಿ ಬೆಕ್ಕಿನದೆಂದು ಮಾರುವ ತಟ್ಟೆಗಳು ಎಷ್ಟೋ ವೇಳೆ ಇದಕ್ಕಿಂತ ಸಣ್ಣವು. ಬಟ್ಟೆಬರೆ ತುಂಬಿಡುವ ದೊಡ್ಡ ಪ್ಲಾಸ್ಟಿಕ್ ಪೆಟ್ಟಿಗೆಯೊಂದರ ಮುಚ್ಚಳ ತೆಗೆದು, ಒಂದು ಪಕ್ಕವನ್ನು ನೆಲದಿಂದ ನಾಲ್ಕು ಅಂಗುಲ ಉಳಿಯುವಂತೆ ಕತ್ತರಿಸಿದರೆ ಉತ್ತಮವಾದ ತೊಟ್ಟಿಯಾಗುತ್ತದೆ. ಕತ್ತರಿಸಿದ ಅಂಚನ್ನು ಉಜ್ಜಿ ನುಣುಪು ಮಾಡಬೇಕು. ಮುದಿ ಬೆಕ್ಕಿಗೂ ಮರಿಗೂ ಬಾಗಿಲು ಇನ್ನೂ ತಗ್ಗಿರಲಿ. ಮೇಲೆ ಮುಚ್ಚಿಗೆಯಿರುವ ತೊಟ್ಟಿ ನಮ್ಮ ಕಣ್ಣಿಗೆ ಚೆನ್ನ. ಆದರೆ ನಾತ ಒಳಗೇ ನಿಲ್ಲುವುದರಿಂದ, ದಿನವೂ ಶುಚಿ ಮಾಡದವರ ಮನೆಯಲ್ಲಿ ಅದು ಬೆಕ್ಕಿಗೆ ಶಿಕ್ಷೆ.

ಎರಡನೆಯದು ಸ್ಥಳ. ಅನ್ನದ ಬಟ್ಟಲಿನ ಪಕ್ಕದಲ್ಲಿ ಇಡಬಾರದು. ಉಣ್ಣುವಲ್ಲಿ ಮಲವಿಸರ್ಜನೆ ಮಾಡಲು ಬೆಕ್ಕೂ ಒಪ್ಪುವುದಿಲ್ಲ. ಈ ಮಾತನ್ನು ಕೇಳಿದ ಬಳಿಕವೇ, "ಹಾಗಾದರೆ ಅದಕ್ಕೂ ಮಡಿಮೈಲಿಗೆ ತಿಳಿಯುತ್ತದೆ" ಎಂದು ನಮ್ಮ ತಾಯಿಯವರು ತುಸು ಮೆದುವಾದುದು. ಗದ್ದಲದ ಯಂತ್ರಗಳ ಬಳಿ, ಜನ ಓಡಾಡುವ ದಾರಿಯಲ್ಲಿ ಇಡಬಾರದು. ಒಂದೇ ದಾರಿಯ ಸಂದಿಗಿಂತ, ಬರುವವರು ಕಾಣುವಂತಹ, ಓಡಿಹೋಗಲು ಎಡೆಯಿರುವ ಶಾಂತವಾದ ಮೂಲೆ ಒಳ್ಳೆಯದು. ರಾತ್ರಿ ಬಾಗಿಲು ಹಾಕಿದರೂ ಬೆಕ್ಕಿಗೆ ಅಲ್ಲಿಗೆ ದಾರಿಯಿರಬೇಕು.

ಮೂರನೆಯದು ಸಂಖ್ಯೆ. ಬೆಕ್ಕುಗಳೆಷ್ಟೋ ಅದಕ್ಕಿಂತ ಒಂದು ಹೆಚ್ಚು ತೊಟ್ಟಿ ಇರಲಿ ಎಂಬುದು ಪಶುವೈದ್ಯರ ಸಾಮಾನ್ಯ ಸಲಹೆ. ಎರಡನ್ನೂ ಒಂದರ ಪಕ್ಕದಲ್ಲಿ ಒಂದಿಟ್ಟರೆ ಬೆಕ್ಕಿನ ದೃಷ್ಟಿಯಲ್ಲಿ ಅದು ಒಂದೇ. ಬೇರೆ ಬೇರೆ ಕಡೆ ಇಡಬೇಕು. ಉಪ್ಪರಿಗೆಯ ಮನೆಯಾದರೆ ಮೇಲೊಂದು, ಕೆಳಗೊಂದು. ಎರಡು ಬೆಕ್ಕುಗಳಿರುವಲ್ಲಿ ಜೋರಿನ ಬೆಕ್ಕೊಂದು ದಾರಿಯಲ್ಲಿ ಕುಳಿತು ಇನ್ನೊಂದನ್ನು ಹತ್ತಿರ ಬಿಡದಿರುವುದುಂಟು. ಶಾಲೆಯ ನೀರಿನ ನಲ್ಲಿಯ ಬಳಿ ದೊಡ್ಡ ತರಗತಿಯ ಹುಡುಗರು ಮಾಡುವುದೂ ಇದನ್ನೇ ಅಲ್ಲವೇ?

ಏನನ್ನು ತುಂಬಬೇಕು

ಬೂದಿ ಕ್ಷಾರಗುಣದ್ದು. ಮೂತ್ರದಿಂದ ಹುಟ್ಟುವ ಅಮೋನಿಯ ಕ್ಷಾರದ ಸಂಗದಲ್ಲಿ ಬೇಗನೆ ಅನಿಲವಾಗಿ ಮೇಲೇಳುತ್ತದೆ. ನಾವು ನಾತ ತಡೆಯಲೆಂದು ಹಾಕಿದ್ದು ನಾತವನ್ನೇ ಹೆಚ್ಚಿಸಿತ್ತು. ಹೊಳೆಯ ಮರಳನ್ನು ಬೆಕ್ಕು ಬಹಳ ಮೆಚ್ಚುತ್ತದೆ. ಆದರೆ ಅದು ಒದ್ದೆಯನ್ನು ಹೀರದೆ ತಳಕ್ಕೆ ಇಳಿಸುತ್ತದೆ, ಭಾರವೂ ಹೆಚ್ಚು. ಬತ್ತದ ಉಮಿ ಹಗುರವಾದರೂ ಹೀರುವ ಶಕ್ತಿ ಸಾಲದು. ಮರದ ಮಿಲ್ಲಿನ ಹುಡಿ ಚೆನ್ನಾಗಿ ಹೀರುತ್ತದೆ. ಆದರೆ ನವಿರಾದ ಧೂಳನ್ನು ಜರಡಿ ಹಿಡಿದು ತೆಗೆಯಬೇಕು, ಬಣ್ಣ ಅಥವಾ ಔಷಧ ಹಚ್ಚಿದ ಮರದ ಹುಡಿಯಾಗಿರಬಾರದು. ತೆಂಗಿನ ನಾಡಿನವರಾದ ನಮಗೆ ಸುಲಭವಾದುದು ನಾರಿನ ಹುಡಿ. ಅದು ತನ್ನ ತೂಕದ ಹಲವು ಪಾಲು ನೀರನ್ನು ಹಿಡಿಯಬಲ್ಲದು. ಆದರೆ ನಮ್ಮ ಮಳೆಗಾಲದಲ್ಲಿ ಗಾಳಿಯ ತೇವವನ್ನೇ ಹೀರಿ ಬೂಷ್ಟು ಹಿಡಿಯುತ್ತದೆ. ಬಿಸಿಲಿನಲ್ಲಿ ಒಣಗಿಸಿ, ಮುಚ್ಚಳವಿರುವ ಡಬ್ಬಿಯಲ್ಲಿ ತುಂಬಿಡಬೇಕು.

ಅಂಗಡಿಯ ಬೆಂಟೋನೈಟ್ ಜೇಡಿಗೆ ಹಣ ಬೇಕು. ಆದರೆ ಶುಚಿತ್ವಕ್ಕೆ ಅದೇ ಸುಲಭ. ಸುವಾಸನೆ ಬೆರೆಸಿದ ಜಾತಿಯನ್ನು ಕೊಳ್ಳಬಾರದು. ನಮ್ಮ ಮೂಗಿಗೆ ಹಿತವಾದ ಮಲ್ಲಿಗೆಯ ವಾಸನೆ ಬೆಕ್ಕಿನ ಮೂಗಿಗೆ ಘಾಟು. ಕಂಡದ್ದನ್ನೆಲ್ಲ ಬಾಯಿಗೆ ಹಾಕುವ ಎಳೆಯ ಮರಿಗಳಿರುವಲ್ಲಿ ಇದು ಸಲ್ಲದು. ನುಂಗಿದರೆ ಹೊಟ್ಟೆಯೊಳಗೂ ಉಬ್ಬೀತು. ಯಾವುದನ್ನು ತುಂಬಿದರೂ ಎರಡು ಅಂಗುಲ ದಪ್ಪವಿರಲಿ.

ಈ ಚರ್ಚೆಗೆ ಕೊನೆಯ ತೀರ್ಪು ನೀಡುವುದು ಬೆಕ್ಕೇ. ಎರಡು ತೊಟ್ಟಿಗಳಲ್ಲಿ ಎರಡು ಬಗೆಯ ವಸ್ತುಗಳನ್ನು ತುಂಬಿ ಒಂದು ವಾರ ಇಟ್ಟು ನೋಡಿದರೆ, ಅದು ಯಾವುದನ್ನು ಮೆಚ್ಚಿತೆಂದು ತಿಳಿಯುತ್ತದೆ. ಈ ಪರೀಕ್ಷೆಯಲ್ಲಿ ಪರೀಕ್ಷಕರು ನಾವಲ್ಲ. ಒಮ್ಮೆ ಒಗ್ಗಿದುದನ್ನು ಬದಲಿಸಬೇಕಾದರೆ, ಹಳೆಯದಕ್ಕೆ ಹೊಸದನ್ನು ದಿನಕ್ಕಿಷ್ಟಿಷ್ಟು ಬೆರೆಸುತ್ತಾ ಬರಬೇಕು.

ಶುಚಿತ್ವ ಮತ್ತು ಗರ್ಭಿಣಿಯ ರಕ್ಷಣೆ

ನೆಂಟರು ಹೇಳಿದ ಮಾತು ಪೂರ್ತಿ ಸುಳ್ಳಲ್ಲ. ಟಾಕ್ಸೊಪ್ಲಾಸ್ಮ ಎಂಬ ಸೂಕ್ಷ್ಮಜೀವಿ ಬೆಕ್ಕಿನ ಮಲದಲ್ಲಿ ಇರಬಹುದು. ಗರ್ಭಿಣಿಗೆ ಅದು ಹೊಸದಾಗಿ ತಗಲಿದರೆ ಗರ್ಭಸ್ಥ ಶಿಶುವಿಗೆ ಅಪಾಯವುಂಟು. ಆದರೆ ಪೂರ್ತಿ ನಿಜವನ್ನು ಅರಿಯಬೇಕು. ಇಲಿ, ಹಕ್ಕಿ ಅಥವಾ ಹಸಿಮಾಂಸ ತಿಂದ ಬೆಕ್ಕಿಗೆ ಈ ಸೋಂಕು ತಗಲುತ್ತದೆ. ಸಾಮಾನ್ಯವಾಗಿ ಮೊದಲ ಸಲ ಸೋಂಕಿದ ಬಳಿಕ ಒಂದರಿಂದ ಮೂರು ವಾರ ಮಾತ್ರ ಬೆಕ್ಕು ಅದನ್ನು ಹೊರಹಾಕುತ್ತದೆ. ಹೊರಬಿದ್ದ ಕೂಡಲೇ ಅದು ರೋಗ ತಗಲಿಸಲಾರದು. ಅದಕ್ಕೆ ಒಂದರಿಂದ ಐದು ದಿನ ಬೇಕು. ಆದುದರಿಂದ ತೊಟ್ಟಿಯನ್ನು ಪ್ರತಿದಿನ ತಪ್ಪದೆ ಶುಚಿ ಮಾಡಿದರೆ ಅಪಾಯ ಬಹಳ ಕಡಿಮೆಯಾಗುತ್ತದೆ. ಆ ಕೆಲಸವನ್ನು ಗರ್ಭಿಣಿ ಮಾಡದೆ ಮನೆಯ ಇತರರು ಮಾಡಬೇಕು. ಬೇರೆ ಗತಿಯೇ ಇಲ್ಲದಿದ್ದರೆ ಅವಳು ಕೈಗವಸು ತೊಟ್ಟು, ಬಳಿಕ ಸಾಬೂನಿನಿಂದ ಕೈ ತೊಳೆಯಬೇಕು. ಮನೆಯೊಳಗೇ ಇದ್ದು ಬೇಯಿಸಿದ ಆಹಾರ ತಿನ್ನುವ ಬೆಕ್ಕಿಗಿಂತ, ಊರ ಬೆಕ್ಕುಗಳು ಓಡಾಡುವ ತರಕಾರಿ ಪಾತಿಯ ಮಣ್ಣು, ತೊಳೆಯದ ಸೊಪ್ಪು, ಅರೆಬೆಂದ ಮಾಂಸಗಳ ವಿಷಯದಲ್ಲಿಯೇ ಗರ್ಭಿಣಿಯರು ಹೆಚ್ಚು ಎಚ್ಚರದಿಂದಿರಬೇಕು. ಸಂದೇಹವಿದ್ದವರು ಹೆರಿಗೆಯ ಡಾಕ್ಟರರನ್ನೇ ಕೇಳುವುದು ಮೇಲು.

ಮಲವನ್ನೂ ಒದ್ದೆಯುಂಡೆಯನ್ನೂ ದಿನಕ್ಕೆ ಒಮ್ಮೆಯಾದರೂ, ಸಾಧ್ಯವಾದರೆ ಎರಡು ಬಾರಿ ತೆಗೆಯಬೇಕು. ಹೆಪ್ಪುಗಟ್ಟದ ವಸ್ತುವಾದರೆ ವಾರಕ್ಕೊಮ್ಮೆಯಾದರೂ ಎಲ್ಲವನ್ನೂ ಚೆಲ್ಲಿ, ತೊಟ್ಟಿಯನ್ನು ಸಾಬೂನು, ಬಿಸಿನೀರುಗಳಿಂದ ತೊಳೆದು ಒಣಗಿಸಬೇಕು. ಫಿನಾಯಿಲ್ ಜಾತಿಯ ದ್ರಾವಣಗಳನ್ನು ಬೆಕ್ಕಿರುವಲ್ಲಿ ಬಳಸಲೇಬಾರದು. ಅವನ್ನು ಅರಗಿಸಿ ಹೊರಹಾಕುವ ಶಕ್ತಿ ಬೆಕ್ಕಿನ ಯಕೃತ್ತಿಗೆ ತೀರ ಕಡಿಮೆ. ಪಾದಕ್ಕೆ ಅಂಟಿದ್ದನ್ನು ನೆಕ್ಕಿದರೂ ವಿಷವಾದೀತು. ತೆಗೆದ ಕಸವನ್ನು ಬಾವಿಯಿಂದಲೂ ಸುರಂಗದಿಂದಲೂ ತರಕಾರಿ ಪಾತಿಯಿಂದಲೂ ದೂರದಲ್ಲಿ ಒಂದಡಿ ಆಳದ ಗುಂಡಿಯಲ್ಲಿ ಹೂಳಬೇಕು. ಪೇಟೆಯವರು ಕಟ್ಟಿ ಕಸದವರಿಗೆ ಕೊಡಬೇಕೇ ಹೊರತು ಶೌಚಾಲಯಕ್ಕೆ ಸುರಿಯಬಾರದು. ಜೇಡಿ ಉಬ್ಬಿ ಕೊಳವೆ ಕಟ್ಟುತ್ತದೆ.

ಇದೊಂದನ್ನು ಮರೆಯಬಾರದು

ತೊಟ್ಟಿ ಬೆಕ್ಕಿನ ಆರೋಗ್ಯದ ಹಾಜರಿ ಪುಸ್ತಕವೂ ಹೌದು. ಉಂಡೆಗಳು ದಿನದಿನಕ್ಕೆ ದೊಡ್ಡದಾದರೆ ಮೂತ್ರಪಿಂಡದ ದೋಷವೋ ಸಿಹಿಮೂತ್ರವೋ ಇರಬಹುದು. ಗಂಡು ಬೆಕ್ಕು ಮತ್ತೆ ಮತ್ತೆ ತೊಟ್ಟಿಗೆ ಹೋಗಿ, ತಿಣುಕಿ, ಕೂಗಿ, ಒಂದು ಹನಿಯನ್ನೂ ವಿಸರ್ಜಿಸದೆ ಹಿಂದಿರುಗಿದರೆ ಅದನ್ನು ಮಲಬದ್ಧತೆಯೆಂದು ಎಣಿಸಿ ಹರಳೆಣ್ಣೆ ಕುಡಿಸುತ್ತ ಕುಳಿತಿರಬಾರದು. ಮೂತ್ರನಾಳ ಕಟ್ಟಿದ ಬೆಕ್ಕು ಒಂದೆರಡು ದಿನಗಳಲ್ಲಿ ಸಾಯುತ್ತದೆ. ಆ ಗಳಿಗೆಯಲ್ಲಿಯೇ ಡಾಕ್ಟರರ ಬಳಿಗೆ ಒಯ್ಯಬೇಕು. ಇನ್ನು, ನಿಂತು ಬಾಲವೆತ್ತಿ ಗೋಡೆಗೆ ಚಿಮ್ಮಿಸುವುದು ಬೇರೆಯೇ ಸಂಗತಿ. ಅದು ತನ್ನ ಗಡಿಯನ್ನು ಸಾರುವ ರೀತಿ. ಸಂತಾನಹರಣ ಚಿಕಿತ್ಸೆಯಿಂದ ಬಹುಪಾಲು ನಿಲ್ಲುತ್ತದೆ.

ಮೃಗಾಸ್ಪತ್ರೆಯಿಂದ ಹಿಂದಿರುಗಿದ ದಿನವೇ ನಾವು ಎರಡು ದೊಡ್ಡ ಪೆಟ್ಟಿಗೆಗಳನ್ನು ತಂದು ಕತ್ತರಿಸಿದೆವು. ಒಂದನ್ನು ಉಪ್ಪರಿಗೆಯ ಮೂಲೆಯಲ್ಲಿ, ಇನ್ನೊಂದನ್ನು ಸರಳು ಹಾಕಿದ ಹಿಂಬದಿಯ ಜಗಲಿಯಲ್ಲಿ ಇಟ್ಟೆವು. ಮುತ್ತು ನಾರಿನ ಹುಡಿಯನ್ನು ಮೂಸಿ ನೋಡಿ ಬಿಟ್ಟಿತು, ಜೇಡಿಯನ್ನು ಆರಿಸಿಕೊಂಡಿತು. ದಿನವೂ ಬೆಳಗ್ಗೆ ಶಾಲೆಗೆ ಹೊರಡುವ ಮೊದಲು ಸೌಟು ಹಿಡಿದು ಶುಚಿ ಮಾಡುವ ಕೆಲಸ ನಮ್ಮದಾಯಿತು. ಮೊದಮೊದಲು ನಾಚಿಕೆಯೆನಿಸಿತು. ಹಟ್ಟಿಯ ಸಗಣಿ ಎತ್ತುವ ಕೈಗೆ ಇದರಲ್ಲಿ ನಾಚಿಕೆಯೇನೆಂದು ತಾಯಿಯವರೇ ಹೇಳಿದರು. ಸೀರೆಗಳನ್ನು ಅವರು ಮತ್ತೆ ಕುದಿಸಿ ಒಗೆದು, ಈ ಸಲ ಕಪಾಟಿನೊಳಗೆ ಇಟ್ಟು ಬಾಗಿಲು ಹಾಕಿದರು. ಅನಂತರ ಬೆಕ್ಕು ಒಮ್ಮೆಯೂ ತಪ್ಪಲಿಲ್ಲ. ಮೊಮ್ಮಗಳು ಹುಟ್ಟಿದಳು, ಆರೋಗ್ಯವಾಗಿದ್ದಾಳೆ. ಬಾಣಂತಿಕೋಣೆಯ ಹೊಸ್ತಿಲ ಹೊರಗೆ ಬೆಕ್ಕು ಮಲಗಿದ್ದರೆ ತಾಯಿಯವರು ಅದನ್ನು ದಾಟಿ ಹೋಗುತ್ತಾರೆ, ಗದರಿಸುವುದಿಲ್ಲ.

ಹಟ್ಟಿಯಿಂದ ಇಳಿಸಿದ ಗೋಣಿಯನ್ನು ಜಗಲಿಯ ತೊಟ್ಟಿಯ ಮುಂದೆ ಹಾಸಿದ್ದೇವೆ. ಬೆಕ್ಕಿನ ಕಾಲಿಗೆ ಅಂಟಿದ ಜೇಡಿ ಮನೆಯೊಳಗೆ ಬಾರದೆ ಅದರ ಮೇಲೆಯೇ ಉದುರುತ್ತದೆ. ದಿನವೂ ಬೆಳಗ್ಗೆ ಅದನ್ನು ಕೊಡಹುವಾಗ, ಮೂವತ್ತು ವರ್ಷಗಳಿಗೂ ಹಿಂದೆ ನಾವು ಹೊಳೆಯಾಚೆ ಬಿಟ್ಟು ಬಂದ ಆ ಬೆಕ್ಕು ನೆನಪಾಗುತ್ತದೆ. ಅದಕ್ಕೆ ತಕ್ಕ ಜಾಗವಿತ್ತೇ ಎಂದು ಅಂದು ನಮ್ಮ ಮನೆಯಲ್ಲಿ ಯಾರೂ ಕೇಳಿರಲಿಲ್ಲ. ಓದುಗರ ಮನೆಯಲ್ಲಿ ಇಂಥ ಸಂದರ್ಭ ಬಂದಲ್ಲಿ, ಗೋಣಿಯನ್ನು ಹುಡುಕುವ ಮೊದಲು ತೊಟ್ಟಿಯನ್ನು ಒಮ್ಮೆ ನೋಡಿ ಬರಬೇಕೆಂದು ನಮ್ಮ ವಿನಂತಿ.